ಸೈರನ್ನಿಗೆ ಮೊದಲು ಮೀಟಿದ ಗಿಟಾರು

ಎಂಬತ್ತರ ದಶಕದ ನಡುವಿನ ಮಾತು. ಬಂಗಾರಪೇಟೆಯಿಂದ ರೈಲು ಹಿಡಿದು ಬಂದು, ಚಿನ್ನದ ಗಣಿಯ ಊರಾದ ಉರಿಗಾಂನ ಕಾರ್ಮಿಕರ ಸಭಾಂಗಣದಲ್ಲಿ ಸಂಜೆ ಹೊತ್ತು ಗಣಿಯವರ ಮನೆಯ ಹೆಂಗಸರಿಗೆ ನಾನು ಅಕ್ಷರ ಕಲಿಸುತ್ತಿದ್ದೆ. ಅದೇ ಸಭಾಂಗಣವನ್ನು ಡಿಸ್ಕೊ ನಡೆಸಲು ಕೊಡಿರೆಂದು ಒಬ್ಬ ಮಹನೀಯ ಬಂದ. ಕೊಟ್ಟರೆ ಆ ಹೆಂಗಸರಿಗೆ ಕೂರಲು ಬೇರೆ ಜಾಗವಿರಲಿಲ್ಲ.

ಆತ ಹೊರಗಿನವನಲ್ಲ, ಸಭಾಂಗಣದ ಎದುರಿನ ಲೈನ್ ಮನೆಯಲ್ಲೇ, ಅಂದರೆ ಗಣಿ ಕಾರ್ಮಿಕರ ಸಾಲುಮನೆಯಲ್ಲೇ, ಹುಟ್ಟಿದವನು, ಸುರಂಗದಲ್ಲಿ ದುಡಿದು ತೀರಿಕೊಂಡ ತಂದೆಯ ಮಗ. ಎಪ್ಪತ್ತರ ದಶಕದಲ್ಲಿ ಪಕ್ಕದ ಗಣಿ ಬಡಾವಣೆ ಚಾಂಪಿಯನ್ ರೀಫ್ಸ್‌ನ ನೃತ್ಯಕೂಟಗಳಲ್ಲಿ ಗಿಟಾರು ಬಾರಿಸಿದ; ಚಪ್ಪಾಳೆ ಬಿದ್ದೊಡನೆ ಅಭ್ಯಾಸ ಬಿಟ್ಟ. ಮದ್ರಾಸಿಗೆ ಹೋಗಿ ನಾಯಕನ ಬೆನ್ನ ಹಿಂದೆ ಕುಣಿದ. ಅವನ ಮೊಣಕೈ ಕಾಣಿಸಿಕೊಂಡ ಚಿತ್ರವನ್ನು ಬಂಗಾರಪೇಟೆಯ ಟಾಕೀಸಿನಲ್ಲಿ ನಾವೂ ನೋಡಿದೆವು. ಬೆಂಗಳೂರಿನ ಕ್ಯಾಬರೆ ಹೋಟೆಲುಗಳಲ್ಲಿ ಮೈಕು ಹಿಡಿದ. ಕೊನೆಗೆ, ಬೆಲ್‌ಬಾಟಮ್ಮಿನ ಕಾಲ ಮುಗಿದ ಮೇಲೆ, ಬಂಗಾರಪೇಟೆ ಸ್ಟೇಷನ್ನಿನೆದುರು ಬೆಲ್‌ಬಾಟಮ್ ಹೊಲಿಯುವ ಅಂಗಡಿ ತೆರೆದ. ನಾಲ್ಕು ಕಲೆಗಳ ಹೊಸ್ತಿಲು ತುಳಿದು ಯಾವುದರ ಒಳಮನೆಗೂ ಹೋಗದವನನ್ನು ಬಹುಮುಖ ಪ್ರತಿಭೆ ಎನ್ನುವುದಾದರೆ, ಅಂಚೆಯವನನ್ನು ಊರಿಗೆಲ್ಲ ನೆಂಟ ಎನ್ನಬೇಕಾಗುತ್ತದೆ.

ಸಭಾಂಗಣದ ಸಮಿತಿಯ ಮುಂದೆ ನಾನು ಹೀಗೆಯೇ ವಾದಿಸಿದೆ. ಅಧ್ಯಕ್ಷರ ಕಣ್ಣು ಮಾತ್ರ ಆತನ ಮಿರುಗುವ ಜಾಕೀಟಿನ ಮೇಲಿತ್ತು. "ಕಾಲ ಬದಲಾಗಿದೆ ಮೇಷ್ಟ್ರೇ. ಶನಿವಾರ ಸಂಜೆ ಒಂದು ಪ್ರದರ್ಶನ ನೋಡೋಣ. ಜನ ಸೇರಿದ್ರೆ ಸಭಾಂಗಣ ಇವರಿಗೆ" ಎಂದರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವನು ಜಾಕೀಟಿಗೆ ಸೋತೆ.

ಗಣಿಯ ಲೈನುಗಳಲ್ಲಿ ಯಾರೂ ಬರೆದಿಡದ ಕಟ್ಟಳೆಯೊಂದಿತ್ತು. ರಾತ್ರಿ ಪಾಳಿಯವರು ಬೆಳಿಗ್ಗೆ ಬಂದು ಮಲಗಿದರೆ, ಮಧ್ಯಾಹ್ನದ ಸೈರನ್ ಕೂಗುವವರೆಗೆ ಯಾವ ಮನೆಯಲ್ಲೂ ಒರಳುಕಲ್ಲು ತಿರುಗುತ್ತಿರಲಿಲ್ಲ. ಲೈನಿನಲ್ಲೇ ಬೆಳೆದ ನಮ್ಮ ಕಲಾವಿದನಿಗೆ ಇದು ಮರೆತುಹೋಗಿತ್ತು. ಶನಿವಾರ ಬೆಳಿಗ್ಗೆಯೇ ಸ್ಪೀಕರುಗಳನ್ನು ಮನೆಗಳ ಕಡೆ ತಿರುಗಿಸಿ ಎಲೆಕ್ಟ್ರಿಕ್ ಗಿಟಾರು ಮೀಟಿದ. ತಗಡಿನ ಮಾಡುಗಳು ನಡುಗಿದವು. ಕೆಂಪುಗಣ್ಣಿನ ಗಂಡಸರು ಲುಂಗಿ ಬಿಗಿಯುತ್ತ ಹೊರಬಂದರು. ಅವರಿಗಿಂತ ಮೊದಲು ಬಂದವರು ಆತನ ತಾಯಿ. ನನ್ನ ತರಗತಿಯ ಮೊದಲ ಸಾಲಿನವರು. ನೆಟ್ಟಗೆ ಸಭಾಂಗಣದೊಳಗೆ ಹೋಗಿ ಪ್ಲಗ್ ಕಿತ್ತರು.

"ಏನ್ಲಾ, ನೈಟ್ ಶಿಫ್ಟ್‌ನೋರು ಮಲ್ಗವ್ರೆ, ಗ್ಯಾನ ಬ್ಯಾಡ್ವಾ?"

"ಅಮ್ಮಾ, ಸೌಂಡ್ ಚೆಕ್ ಮಾಡ್ಬೇಕು..."

"ನಿಮ್ಮಪ್ಪ ಮಲಗ್ಲಿ ಅಂತ, ನೀನು ಕೂಸಾಗಿದ್ದಾಗ ಬಾಯಿಗೆ ಬೆಲ್ಲ ಇಟ್ಟು ಅಳು ನಿಲ್ಲಿಸ್ತಿದ್ದೆ ಕಣ್ಲಾ. ಈಗ ಏನಿಡ್ಲಿ?"

"ಬೆಲ್ಲ ಸಾಲ್ದು ಅಕ್ಕೋ, ಬೆಲ್ಲದಚ್ಚೇ ಇಡು!" ಎಂದ ನಿದ್ದೆಗೆಟ್ಟವನೊಬ್ಬ.

ಸಂಜೆ ಬಣ್ಣದ ದೀಪಗಳು ಉರಿದವು; ಲೈನಿನಿಂದ ಒಬ್ಬನೂ ಬರಲಿಲ್ಲ. ಖಾಲಿ ಕುರ್ಚಿಗಳನ್ನು ನೋಡಿದ ಅಧ್ಯಕ್ಷರು, "ತರಗತಿ ಮುಖ್ಯ ಅಂತ ನಾನು ಮೊದಲಿಂದಲೂ ಹೇಳ್ತಾನೇ ಇದೀನಿ" ಎಂದರು. ಅಷ್ಟು ಸಲೀಸಾಗಿ ಅಂಗಿ ಬದಲಿಸುವ ವಿದ್ಯೆ ನಮ್ಮ ಫ್ಯಾಷನ್ ಪ್ರವೀಣನಿಗೂ ತಿಳಿದಿರಲಿಲ್ಲ.

ತರಗತಿಯ ಹೊತ್ತಿಗೆ ಹೆಂಗಸರು ಸ್ಲೇಟು ಹಿಡಿದು ಬಂದು ಎಂದಿನ ಜಾಗಗಳಲ್ಲಿ ಕುಳಿತರು. ಆತ ಮೂಲೆಯಲ್ಲಿ ವೈರು ಸುತ್ತುತ್ತಿದ್ದ. ತಾಯಿ ಸ್ಲೇಟಿನಿಂದ ತಲೆಯೆತ್ತದೆ, "ಸೈರನ್ ಆಗೈತಲ್ಲಪ್ಪಾ, ಈಗ ಬಾರ್ಸು. ನಾವೂ ಕೇಳ್ತೀವಿ" ಎಂದರು. ಆ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

ಸ್ಪೀಕರುಗಳು ಆಗಲೇ ಗಾಡಿಯೇರಿದ್ದವು. ಆತ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿಯೊಂದನ್ನು ಮೀಟಿದ. ಸೊಳ್ಳೆಯಷ್ಟು ದನಿ ಬಂತು. ಮತ್ತೊಮ್ಮೆ ಮೀಟಿ, ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿದ.

"ಕರೆಂಟ್ ಇಲ್ದಿದ್ರೆ ಬರಲ್ವೇನ್ಲಾ?" ಎಂದು ತಾಯಿ ಕೇಳಿದರು. ಆತ ಪೆಟ್ಟಿಗೆಯ ಕೊಂಡಿ ಹಾಕಿದ. ನಾನು ಹಲಗೆಯ ಮೇಲೆ ಮುಂದಿನ ಅಕ್ಷರ ಬರೆದೆ.