ಗೋಯ್ದನ ಬಾಗಿಲು, ಬಾವಿಯ ಉಪ್ಪು

೧೯೬೧ರಲ್ಲಿ ನಾನು ಕುಮಟೆಯಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುವ ಸರಕಾರಿ ಲ್ಯಾಬಿನ ಕೆಮಿಸ್ಟ್ ಆಗಿದ್ದೆ. ಎರಡು ಕೋಣೆ, ಒಂದು ತಕ್ಕಡಿ, ನಾಲ್ಕು ಬ್ಯೂರೆಟ್. ಹೊನ್ನಾವರ, ಭಟ್ಕಳದ ಬಾವಿಗಳ ನೀರೂ ಬಾಟಲಿಗಳಲ್ಲಿ ಬಸ್ಸು ಹತ್ತಿ ನನ್ನ ಮೇಜಿಗೇ ಬರುತ್ತಿತ್ತು. ಹೆಂಗಸು ಕೆಮಿಸ್ಟ್ ಎಂದು ಮೊದಮೊದಲು ಕೆಲವರು ಮೂಗು ಮುರಿದರು. ನನ್ನ ರಿಪೋರ್ಟುಗಳು ಸರಿಯಾಗಿದ್ದವು, ನನಗೆ ಅಷ್ಟು ಸಾಕಿತ್ತು.

ಆ ಬೇಸಗೆಯಲ್ಲಿ ಹಿನ್ನೀರಿನ ದಂಡೆಯ ಒಂದು ಕೇರಿಯ ಬಾವಿನೀರು ಬಂತು. ಕ್ಲೋರೈಡ್, ಅಂದರೆ ನೀರಿನ ಉಪ್ಪಿನಂಶ ಎಷ್ಟೆಂದು ತೋರಿಸುವ ಪದಾರ್ಥ, ೨೧೪ ಪಿಪಿಎಂ ಇತ್ತು. ಹತ್ತು ಲಕ್ಷ ಭಾಗ ನೀರಿನಲ್ಲಿ ೨೧೪ ಭಾಗ ಎಂದು ಅರ್ಥ. ಕರಾವಳಿಗೆ ಅದೇನೂ ದೊಡ್ಡದಲ್ಲ. ಕುಡಿಯಬಹುದು ಎಂದು ಬರೆದು ಕಳಿಸಿದೆ.

ವಾರದೊಳಗೆ ಐವತ್ತರ ಆಸುಪಾಸಿನ ಒಬ್ಬಾತ ಲ್ಯಾಬಿನ ಬಾಗಿಲಿಗೆ ಬಂದು ನಿಂತ. ಹೆಸರು ಗೋಯ್ದ.

"ಅಕ್ಕೋರೆ, ನಿಮ್ಮ ಕಾಗದ ನನ್ನ ಹೊಟ್ಟೆ ಮೇಲೆ ಹೊಡೀತು," ಎಂದ.

ಆ ಕೇರಿಯ ಗಜನಿ ಗದ್ದೆಗಳಿಗೂ, ಅಂದರೆ ದಂಡೆಯ ತಗ್ಗಿನ ಭತ್ತದ ಗದ್ದೆಗಳಿಗೂ, ಹಿನ್ನೀರಿಗೂ ನಡುವೆ ಒಂದು ಒಡ್ಡು, ಒಡ್ಡಿಗೆ ಮರದ ಬಾಗಿಲು. ಕಡಲಿನ ಭರತಿ ಏರುವಾಗ ಅದನ್ನು ಮುಚ್ಚಿ ಉಪ್ಪುನೀರು ತಡೆಯಬೇಕು, ಇಳಿತದಲ್ಲಿ ತೆರೆಯಬೇಕು. ಅದೇ ಗೋಯ್ದನ ಕೆಲಸ. ಒಡ್ಡಿನ ಮೇಲಿನ ಗುಡಿಸಲೂ ಆ ಕೆಲಸದ ಜೊತೆಗೇ ಸಿಕ್ಕಿದ್ದು. ಪಂಚಾಯಿತಿ ಚೇರ್ಮನ್ನರ ಬಳಿ ಮುಂಬೈ ಸರಕಾರದ ಕಾಲದ ರಿಪೋರ್ಟಿನ ಕೈಬರಹದ ನಕಲಿತ್ತು. ಅದರಲ್ಲಿ ಅದೇ ಬಾವಿಯ ಕ್ಲೋರೈಡ್ ೨೧ ಎಂದಷ್ಟೇ ಇತ್ತು. ಈಗ ೨೧೪! ಉಪ್ಪು ಹತ್ತು ಪಟ್ಟಾಯಿತು, ಗೋಯ್ದ ಬಾಗಿಲು ಮುಚ್ಚದೆ ಮಲಗಿದ ಎಂದು ತೀರ್ಮಾನವಾಗಿಬಿಟ್ಟಿತ್ತು. ಮರುದಿನ ಸಭೆ ಸೇರಿ ಅವನನ್ನು ಕೆಲಸದಿಂದ ತೆಗೆಯುವವರಿದ್ದರು.

ನನಗೆ ಮೈಯೆಲ್ಲ ಉರಿಯಿತು. ನಾನು ಕೆಲಸ ಕಲಿತದ್ದೇ ಮುಂಬೈ ಸರಕಾರದ ಆ ಹಳೆಯ ಲ್ಯಾಬಿನಲ್ಲಿ. ಅಲ್ಲಿ ಎಲ್ಲವನ್ನೂ ಲಕ್ಷ ಭಾಗಕ್ಕೆ ಎಷ್ಟು ಎಂದು ಬರೆಯುವ ರೂಢಿ. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಲ್ಯಾಬಿನಲ್ಲಿ ಹತ್ತು ಲಕ್ಷಕ್ಕೆ ಬರೆಯುತ್ತಿದ್ದೆವು. ಲಕ್ಷಕ್ಕೆ ೨೧ ಅಂದರೆ ಹತ್ತು ಲಕ್ಷಕ್ಕೆ ೨೧೦. ನೀರು ಇದ್ದ ಹಾಗೇ ಇತ್ತು! ಬದಲಾದದ್ದು ಬರೆಯುವ ಲೆಕ್ಕ.

"ನಾಳೆ ನಾನೂ ಬರುತ್ತೇನೆ, ಹೆದರಬೇಡ," ಎಂದೆ.

ಸಭೆಯಲ್ಲಿ ಚೇರ್ಮನ್ನರು ಮೊದಲಿಗೆ ನನ್ನ ಕೈಗೆ ಒಂದು ಲೋಟ ಬಾವಿನೀರು ಕೊಟ್ಟರು. "ಕುಡ್ದು ನೋಡಿ ಮೇಡಂ. ಬಾಯಿಗೆ ಇಡೂಕಾಗೂದಿಲ್ಲ."

ಕುಡಿದೆ. ಚೆನ್ನಾಗಿಯೇ ಇತ್ತು. ರಿಪೋರ್ಟು ಬರುವವರೆಗೆ ಅವರಿಗೂ ಚೆನ್ನಾಗಿತ್ತು. ಅಂಕೆ ಕೇಳಿದ ಮೇಲೆ ಇಡೀ ಕೇರಿಯ ನಾಲಿಗೆಗೆ ಉಪ್ಪು ಹತ್ತಿತ್ತು.

ಲಕ್ಷ, ಹತ್ತು ಲಕ್ಷ ಎಂದು ವಿವರಿಸಹೊರಟರೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಮುಂದೆ ಕೂತಿದ್ದ ಮಾದೇವಿ ಎಂಬ ಮುದುಕಿಯನ್ನು ಕೇಳಿದೆ: "ಅಜ್ಜಿ, ಒಂದು ಕೊಡ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ. ಹತ್ತು ಕೊಡಕ್ಕೆ ಹತ್ತು ಚಿಟಿಕೆ ಹಾಕಿದೆ. ಯಾವುದು ಹೆಚ್ಚು ಉಪ್ಪು?"

"ಎಂತ ಕೇಳ್ತೀರಿ ಅಕ್ಕೋರೆ! ಎರಡೂ ಒಂದೇ ಅಲ್ದಾ?"

"ಮೊದಲಿನವರು ಒಂದು ಕೊಡದ ಲೆಕ್ಕ ಬರೆದರು. ನಾನು ಹತ್ತು ಕೊಡದ್ದು ಬರೆದೆ. ಅಷ್ಟೇ."

ಚೇರ್ಮನ್ನರು ಸುಲಭಕ್ಕೆ ಬಿಡುವವರಲ್ಲ. "ಹಾಗಾದ್ರೆ ಆ ಹೆಚ್ಚಿನ ನಾಲ್ಕು ಎಲ್ಲಿಂದ ಬಂತು?" ಎಂದರು.

"ಬೇಸಗೆಯಲ್ಲಿ ಬಾವಿ ಇಳಿದಾಗ ಅಷ್ಟು ಏರುತ್ತದೆ. ಮಳೆ ಬಿದ್ದ ಮೇಲೆ ಇನ್ನೊಂದು ಬಾಟಲಿ ಕಳಿಸಿ, ತೋರಿಸುತ್ತೇನೆ."

ಅವರು ನಕ್ಕು, ಮೇಡಂಗೆ ಚಹಾ ತನ್ನಿ ಎಂದು ಕೂಗಿದರು. ಎಲ್ಲರೂ ನನ್ನನ್ನು ಹೊಗಳತೊಡಗಿದರು. ಗೋಯ್ದ ಕಂಬಕ್ಕೆ ಒರಗಿ ನಿಂತೇ ಇದ್ದ. ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ. ನನಗೆ ಆ ಹೊಗಳಿಕೆ ಸಹಿಸಲಾಗಲಿಲ್ಲ.

"ಚಹಾ ಆಮೇಲೆ. ಕಳ್ಳನ ಹಾಗೆ ನಿಲ್ಲಿಸಿದ್ದೀರಲ್ಲ, ಮೊದಲು ಅವನ ಹತ್ತಿರ ಒಂದು ಮಾತು ಹೇಳಿ," ಎಂದೆ.

ಆಮೇಲಿನ ನನ್ನ ಸರ್ವೀಸಿನಲ್ಲಿ ಬರಿಯ ಅಂಕೆಯನ್ನು ಲ್ಯಾಬಿನಿಂದ ಹೊರಗೆ ಬಿಟ್ಟವಳಲ್ಲ. ಎಷ್ಟು ನೀರಿಗೆ ಎಷ್ಟು ಎಂಬುದನ್ನು ಕನ್ನಡದಲ್ಲಿ, ಅಕ್ಷರದಲ್ಲಿ ಬರೆಸಿದೆ. ಹಳೆಯ ರಿಪೋರ್ಟು ಇದೆಯೆಂದರೆ ಅದನ್ನೂ ನನ್ನ ಲೆಕ್ಕಕ್ಕೆ ತಿರುಗಿಸಿ ಪಕ್ಕದಲ್ಲಿಟ್ಟೆ. ನಾವು ಅಳೆಯುವುದು ನೀರನ್ನೇ ಆದರೂ, ಆ ಅಂಕೆ ಹೋಗಿ ಬೀಳುವುದು ಯಾವನೋ ಒಬ್ಬನ ತಲೆಯ ಮೇಲೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನು.

ಚೇರ್ಮನ್ನರು ಅಂದು ಎದ್ದು ಗೋಯ್ದನ ಹತ್ತಿರ ಹೋದರು. "ತಪ್ಪಾತು ಮಾರಾಯಾ," ಎಂದರು.

"ದಿನಾ ಮುಚ್ತೆ ಅಂತ ನಾನೂ ಹೇಳಿದ್ದೆ," ಎಂದ ಗೋಯ್ದ. ಅವನು ಹಿನ್ನೀರಿನ ಕಡೆ ಒಮ್ಮೆ ನೋಡಿ, ಹೆಗಲ ಟವೆಲನ್ನು ತಲೆಗೆ ಸುತ್ತಿಕೊಂಡ.

"ಆತು, ನಾ ಬರ್ತೆ. ನೀರು ಏರ್ತಾ ಉಂಟು."