ಅಜ್ಜಿ ಹೇಳದ ಹೆಸರು

“ಹೋದ್ ಸಲ ಯಾವ ಸೂಜಿಗೆ ಮೈ ಊದ್ಕಂಡಿತ್ತು ಅಜ್ಜಿ? ಗೊತ್ತಾಗ್ದೆ ಈಗ ಹೆಂಗೆ ಕೊಡಾಣ?” ಹಿರಿಯೂರಿನ ಆಸ್ಪತ್ರೆಯಲ್ಲಿ ನರ್ಸ್ ಗಾಬರಿಯಾಗಿದ್ದರು. ಹೊಸದುರ್ಗದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಉಸಿರುಕಟ್ಟಿ ಒರಗಿದ್ದರು. ಜೊತೆಗೆ ಯಾರೂ ಇಲ್ಲದ್ದರಿಂದ ನಾನೇ ಕರೆತಂದಿದ್ದೆ. ಹಳೆಯ ಚಿಕಿತ್ಸೆಯ ವಿವರ ಅಲ್ಲಿನ ಕಂಪ್ಯೂಟರಿನಲ್ಲೇ ಇತ್ತು. ಆದರೆ ಅಜ್ಜಿ ಹೇಳಿದ ತಿಮ್ಮಕ್ಕ ಎಂಬ ಹೆಸರನ್ನು ಹುಡುಕಿದರೆ ತಿಪ್ಪಕ್ಕ, ತಿಮ್ಮವ್ವ, ತಿಪ್ಪಮ್ಮ ಎಲ್ಲರೂ ಬಂದರು. ಬರೆದವರು ತಪ್ಪಿದ್ದರೂ ಸಿಗಲಿ ಎಂದು ಅದು ಹತ್ತಿರದ ಸದ್ದಿನ ಹೆಸರುಗಳನ್ನೆಲ್ಲ ತೋರಿಸುತ್ತದಂತೆ. ತಿಮ್ಮಕ್ಕಂದಿರೇ ಹಲವರಿದ್ದರು.

“ಗಂಡನ ಹೆಸರು ಹೇಳ್ರಿ, ಬೇಗ!”

ಅಜ್ಜಿ ಏದುಸಿರಿನಲ್ಲೇ ತಲೆಯಾಡಿಸಿದರು. “ಅವರ ಹೆಸ್ರು ಬಾಯಾಗೆ ಹೇಳಬಾರ್ದು ಕಣವ್ವ.”

ತುಟಿ ನೀಲಿಗಟ್ಟುತ್ತಿತ್ತು. ಜೀವಕ್ಕಿಂತ ಹೆಚ್ಚೇ ಅದು ಎಂದು ನಾನು ಕೂಗಿಯೇಬಿಟ್ಟೆ. ಆಗ ಅವರು ಬಳೆಗಳನ್ನು ಮೇಲೆ ಸರಿಸಿ ಮುಂಗೈ ಚಾಚಿದರು. ಮಾಸಿದ ಹಚ್ಚೆಯಲ್ಲಿ ಕ್ಯಾತಪ್ಪ ಎಂದಿತ್ತು. ನಾನು ಜೋರಾಗಿ ಓದಿದೆ, ನರ್ಸ್ ಅದನ್ನೂ ಸೇರಿಸಿ ಹುಡುಕಿದಾಗ ಕಂಪ್ಯೂಟರಿನಲ್ಲಿ ಸರಿಯಾದ ವಿವರ ತೆರೆದುಕೊಂಡಿತು. ಆ ಸಂಕಟದಲ್ಲೂ ಅಜ್ಜಿ ಗಂಡನ ಹೆಸರು ಕೇಳಿ ಸೆರಗನ್ನು ತಲೆಗೆ ಎಳೆದುಕೊಂಡರು.

ಅಜ್ಜಿ ಉಳಿದುಕೊಂಡರು. ನನ್ನ ದಿಗಿಲು ಮಾತ್ರ ಇಳಿದಿಲ್ಲ. ನನ್ನ ಹೆಸರಿನವರೂ ಊರ ತುಂಬ ಇದ್ದಾರೆ. ನಾಳೆ ನಾನೇ ಬಸ್ಸಿನಲ್ಲಿ ಎಚ್ಚರ ತಪ್ಪಿದರೆ? ಮೊಬೈಲಿಗೆ ಲಾಕ್ ಹಾಕಿದ್ದೇನೆ, ಕೈ ಮೇಲೆ ಯಾರ ಹೆಸರೂ ಇಲ್ಲ.