ಅಕ್ಕನ ಮೂರು ಸಹಿ

ನನ್ನ ಅಕ್ಕ ಚೌಡಮ್ಮನಿಗೆ ಓದಲು ಬರೆಯಲು ಬರುತ್ತಿತ್ತು. ಬರುವುದಿಲ್ಲ ಎಂದು ಸಾಗರದ ಒಂದು ಬ್ಯಾಂಕಿನಲ್ಲಿ, ಅವಳ ಎದುರಿಗೇ, ನಾನು ಸುಳ್ಳು ಹೇಳಿದೆ. ಬಾಯಲ್ಲಿ ಹೇಳಿದ್ದಷ್ಟೇ ಅಲ್ಲ — ಬರೆದೂ ಕೊಟ್ಟೆ. ಅವಳು ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ಏಳು ವರ್ಷ ನಾನು ಈ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತಾಗ ಅಕ್ಕನ ಮನೆ ಮುಳುಗಿತು. ಭಾವ ಅದಕ್ಕೂ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ. ಪರಿಹಾರದ ಹಣ ಹಾಕಲು ಸಾಗರದಲ್ಲಿ ಅವಳ ಹೆಸರಿಗೆ ಖಾತೆ ತೆರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ನಿಟ್ಟೂರಿನ ನಮ್ಮ ಮನೆಯ ಪಕ್ಕದ ಹುಲ್ಲು ಹೊದಿಸಿದ ಬಿಡಾರಕ್ಕೆ ಬಂದವಳು ಬೆರಳಿನ ಮಸಿ ತೋರಿಸಿ ನಕ್ಕಳು.

"ಮನೆ ಹೋಯ್ತು, ಇದೊಂದು ಕಪ್ಪು ನನ್ ಜೊತೆ ಬಂತು. ತಮ್ಮಾ, ನಂಗೆ ಹೆಸ್ರು ಬರಿಯೋದು ಹೇಳ್ಕೊಡಾ."

ನಾನು ಓದಿದ್ದು ಏಳನೇ ಇಯತ್ತೆ. ಸ್ಲೇಟು ತಂದೆ. ನನ್ನ ಅಕ್ಷರ ದೊಡ್ಡದು, ಗುಂಡಗೆ. ಅವಳ ಅಕ್ಷರವೂ ಹಾಗೇ ಆಯಿತು. ಮೊದಲು ಹೆಸರು, ಆಮೇಲೆ ಊರು, ಆಮೇಲೆ ಬಸ್ಸಿನ ಬೋರ್ಡು. ಹೊಸನಗರ ಎಂದು ಮೊದಲ ಸಲ ಓದಿದ ದಿನ ಬಸ್ಸು ಹತ್ತುವುದನ್ನೇ ಮರೆತು ನಿಂತಿದ್ದಳು.

ಮಳೆಗೆ ಮೊದಲು ಬಿಡಾರಕ್ಕೆ ಹೆಂಚು ಹಾಕಿಸಬೇಕಿತ್ತು. ಹಣ ತೆಗೆಯಲು ಹೊರಟೆವು. ನಿಟ್ಟೂರಿನಿಂದ ಹೊಸನಗರ, ಅಲ್ಲಿ ಬಸ್ಸು ಬದಲಿಸಿ ಸಾಗರ. ಸರದಿಯ ಹಿತ್ತಾಳೆ ಬಿಲ್ಲೆ ಹಿಡಿದು ಎರಡು ಗಂಟೆ ಕೂತ ಮೇಲೆ ಕೌಂಟರಿನ ಗುಮಾಸ್ತ ಹಣ ತೆಗೆಯುವ ಚೀಟಿಯ ಮೇಲಿನ ಅವಳ ಸಹಿ ನೋಡಿದ.

"ಖಾತೆಯಲ್ಲಿ ಹೆಬ್ಬೆಟ್ಟಿದೆ. ಸಹಿ ನಡೆಯಲ್ಲ."

"ಈಗ ಬರಿಯಕ್ ಬರ್ತದೆ ಸ್ವಾಮಿ," ಎಂದಳು ಅಕ್ಕ.

"ಆಗ ಬರ್ತಿರ್ಲಿಲ್ವಲ್ಲಮ್ಮ. ಅರ್ಜಿ ಕೊಡಿ."

ಹೆಬ್ಬೆಟ್ಟಿನ ಬದಲು ಸಹಿ ಇರಲಿ ಎಂದು ಅರ್ಜಿ ಕೊಟ್ಟೆವು. ಎರಡನೆಯ ಸಲ ಹೋದಾಗ ಮ್ಯಾನೇಜರು ರಜೆ. ಮೂರನೆಯ ಸಲ ಕಾಗದ ತೀರ್ಥಹಳ್ಳಿ ಶಾಖೆಗೆ ಹೋಗಿದೆ ಎಂದರು. ತೀರ್ಥಹಳ್ಳಿಗೂ ಹೋದೆವು. ಅಲ್ಲಿದ್ದವರು, ಸಾಗರದ ಖಾತೆಯ ಕಾಗದ ನಮಗೇಕೆ ಬರುತ್ತದೆ, ಎಂದು ನಮ್ಮನ್ನೇ ಕೇಳಿದರು. ಮತ್ತೆ ಸಾಗರಕ್ಕೆ ಹೋದರೆ ಅದೇ ಗುಮಾಸ್ತ, ಅದೇ ಬೆಂಚು. ಹಳೆಯ ಅರ್ಜಿ ಸಿಗುತ್ತಿಲ್ಲ, ಹೊಸದು ಬರೆಯಿರಿ — ಇಷ್ಟು ಹೇಳಲು ಅವನಿಗೆ ಮಧ್ಯಾಹ್ನವಾಯಿತು. ನಾನು ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊಲಿಯುವವನು. ಹೋಗದ ದಿನ ಕೂಲಿಯಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಕ್ಕ ಆ ಐದು ಸಲವೂ ಒಗೆದ ಸೀರೆ ಉಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಬೆರಳಿನಿಂದ ಹೆಸರು ಬರೆದುಕೊಳ್ಳುತ್ತಾ ಬಂದಿದ್ದಳು.

ಗುಮಾಸ್ತ ಕಾಗದ ಕೊಟ್ಟು ಮಾದರಿಗೆಂದು ಮೂರು ಸಹಿ ಹಾಕಲು ಹೇಳಿದ. ಅವಳು ನಾಲಿಗೆ ಕಚ್ಚಿಕೊಂಡು ಬರೆದಳು. ಸ್ಲೇಟಿನ ಮೇಲೆ ಬರೆದು ರೂಢಿಯಾದ ಕೈ; ಕಾಗದದ ಮೇಲೆ ಒಂದು ಹೆಸರು ದೊಡ್ಡದಾಯಿತು, ಒಂದು ಚಿಕ್ಕದಾಯಿತು, ಒಂದು ಕೆಳಗಿಳಿಯಿತು.

"ಏನಮ್ಮಾ ಇದು, ಮೂರು ಜನ ಬಂದು ಬರೆದ ಹಾಗಿದೆ!"

ಬೆಂಚಿನ ಮೇಲಿದ್ದವರು ನಕ್ಕರು. ಅಕ್ಕನೂ ನಕ್ಕಳು. "ಕೈಯಲ್ಲಿ ಬರ್ದಿದ್ದಲ್ವನ್ರಾ, ಅಚ್ಚು ಹೊಡ್ದಿದ್ದಲ್ಲ. ಇನ್ನೊಂದ್ಸಲ ಬರಿತೀನಿ, ಕೊಡಿ ಆ ಕಾಗ್ದ."

ಅವನು ಕಾಗದ ಕೊಡಲಿಲ್ಲ. ಗಡಿಯಾರ ನೋಡಿದ, ಕೌಂಟರು ಮುಚ್ಚಲು ಹತ್ತು ನಿಮಿಷವಿತ್ತು. ನನ್ನ ಕಡೆ ತಿರುಗಿ ಹೇಳಿದ: "ನೋಡ್ರಿ, ಇವರಿಗೆ ಓದು ಬರಹ ಬರಲ್ಲ ಅಂತ ನೀವೊಂದು ಸಾಲು ಬರೆದುಕೊಡಿ. ಹೆಬ್ಬೆಟ್ಟಿನ ಮೇಲೆ ಈಗಲೇ ಹಣ ಕೊಡ್ತೀನಿ. ಇಲ್ಲಾಂದ್ರೆ ಮುಂದಿನ ವಾರ ಬನ್ನಿ. ಏನು, ಬರುತ್ತಾ ಬರಲ್ವಾ ಇವರಿಗೆ?"

ಅಕ್ಕ ನನ್ನ ಮುಖ ನೋಡಿದಳು. ಹೆದರಿ ಅಲ್ಲ — ಸಂತೋಷದಿಂದ. ಕಲಿಸಿದವನೇ ಪಕ್ಕದಲ್ಲಿದ್ದಾನೆ, ಹೇಳುತ್ತಾನೆ ಎಂಬ ನೋಟ.

"ಬರಲ್ಲ," ಎಂದೆ. "ಹೆಬ್ಬೆಟ್ಟೇ ತಗೊಳ್ಳಿ."

ಬರೆದುಕೊಟ್ಟೆ. "ಇವರಿಗೆ ಓದು ಬರಹ ಬರುವುದಿಲ್ಲ." ದೊಡ್ಡ, ಗುಂಡನೆಯ ಅಕ್ಷರ. ತಲೆ ಎತ್ತಿದಾಗ ಅಕ್ಕನ ತುಟಿ ಅಲ್ಲಾಡುತ್ತಿತ್ತು. ನನ್ನ ಅಕ್ಷರವನ್ನು ಅವಳು ಎಲ್ಲಿ ಕಂಡರೂ ಓದುತ್ತಿದ್ದಳು — ಅದನ್ನೂ ಒಂದೊಂದಾಗಿ ಓದಿ ಮುಗಿಸಿದಳು. ಆಮೇಲೆ ಹೆಬ್ಬೆರಳು ಚಾಚಿದಳು. ಬಸ್ಸಿನಲ್ಲಿ ಒಂದೇ ಮಾತು ಆಡಿದ್ದು: "ಹೋಗ್ಲಿ ಬಿಡು. ಹೆಂಚಿಗಾಯ್ತಲ್ಲ."

ಹೆಂಚಿಗಾಯಿತು. ಉಳಿದ ಹಣ ಅಲ್ಲೇ ಉಳಿಯಿತು, ಅವಳು ಮತ್ತೆ ಆ ಬ್ಯಾಂಕಿಗೆ ಹೋಗಲಿಲ್ಲ. ಸ್ಲೇಟನ್ನು ನಮ್ಮ ಮನೆಗೆ ತಂದು ಗೋಡೆಗೆ ಒರಗಿಸಿ ಹೋದಳು. ಪಂಚಾಯಿತಿಯವರು ಪೆನ್ನು ಕೊಡಲು ಬಂದರೂ ಹೆಬ್ಬೆರಳನ್ನೇ ಮುಂದೆ ಹಿಡಿಯುತ್ತಿದ್ದಳು. ಆಗೆಲ್ಲ ನಾನು ಪಕ್ಕದಲ್ಲಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು —

ಮೊನ್ನೆ ಖಾತೆ ಮುಚ್ಚಿಸಲು ಸಾಗರಕ್ಕೆ ಹೋದೆ. ಈಗಿರುವ ಗುಮಾಸ್ತ ಹೊಸಬ. ಹಳೆಯ ಕಡತ ತಿರುಗಿಸಿ, ನಾನು ಬರೆದ ಆ ಸಾಲು ತೋರಿಸಿ, "ಹಿಂಗೇ ಒಂದು ಬರ್ದು ಕೊಡಿ, ತೀರಿಕೊಂಡವರು ಅನಕ್ಷರಸ್ಥರು ಅಂತ," ಎಂದ.

ನಾನು ಬೇರೆ ಬರೆದೆ. ಅಕ್ಕನಿಗೆ ಬರೆಯಲು ಬರುತ್ತಿತ್ತು, ಕಲಿಸಿದವನು ನಾನೇ, ಹಿಂದೆ ಬರೆದುಕೊಟ್ಟದ್ದು ಸುಳ್ಳು, ಎಂದು.

ಅವನು ಓದಿ ಕನ್ನಡಕ ತೆಗೆದ. "ಇದನ್ನ ಫೈಲಿಗೆ ಹಾಕಿದ್ರೆ ಹಣ ನಿಂತು ಹೋಗುತ್ತೆ ಕಣ್ರಿ. ವರ್ಷಗಟ್ಟಲೆ ತಿರುಗಬೇಕಾಗುತ್ತೆ. ಯಾಕೆ ಬೇಕು ನಿಮಗೆ? ಅವರಂತೂ ಹೋದ್ರು."

ಕಾಗದ ವಾಪಸ್ಸು ಕೊಟ್ಟ. ಅದು ಈಗ ನನ್ನ ಮುಂದಿದೆ. ಸೋಮವಾರ ಮೊದಲ ಬಸ್ಸಿಗೆ ಮತ್ತೆ ಹೋಗುತ್ತೇನೆ. ತೀರ್ಥಹಳ್ಳಿಗೆ ಹೋಗು ಎಂದರೆ ಅಲ್ಲಿಗೂ ಹೋಗುತ್ತೇನೆ. ಇದನ್ನು ಓದಲು ಅವಳಿಲ್ಲ.